ಮಿಲ್ಟ್ಯಾಂಕ್ ಉರುಳಿದ್ದು ಎಷ್ಟನೇ ಸಲ?

ಶಹಾಪುರದ ಮಿತ್ರರೆ,

‘ವಿಟ್ನಿಯನ್ನು ಸೋಲಿಸುವ ಸುಲಭ ಉಪಾಯ’ ತಲುಪಿದೆ. ಪೋಕೆಮಾನ್ ಗೋಲ್ಡ್ ವಿಡಿಯೋ ಆಟದ ಮೂರನೇ ಜಿಮ್ ಬಗ್ಗೆ, ಅಂದರೆ ವಿಟ್ನಿ ಎಂಬ ನಾಯಕಿಯನ್ನು ಸೋಲಿಸಿ ಬ್ಯಾಡ್ಜ್ ಗೆಲ್ಲಬೇಕಾದ ಅಖಾಡದ ಬಗ್ಗೆ, ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದೇ ಸಂತೋಷ. ಭಾಷೆ ಸ್ವಚ್ಛವಾಗಿದೆ, ಕಾಗುಣಿತದ ತಪ್ಪಿಲ್ಲ. ಸೋತ ಮೇಲೆ ವಿಟ್ನಿ ಬ್ಯಾಡ್ಜ್ ಕೊಡದೆ ಅಳುತ್ತ ನಿಲ್ಲುವ ಭಾಗ ಚೆನ್ನಾಗಿ ಬಂದಿದೆ. ಆದರೆ ಬರಹವನ್ನು ಈಗಿರುವ ಹಾಗೆ ಹಾಕಲಾರೆ. ನಡುವಿನ ಒಂದು ಪ್ಯಾರಾ ಓದಿ ನನಗೆ ಸಮಾಧಾನವೇ ಇಲ್ಲ. ಉಳಿದದ್ದು ಬಿಡಿ, ಅದೊಂದನ್ನೇ ನೋಡೋಣ.

ಅದರ ಮೊದಲ ವಾಕ್ಯ: “ವಿಟ್ನಿಯ ಮಿಲ್ಟ್ಯಾಂಕ್ ಅತ್ಯಂತ ಭಯಾನಕ, ಅದರ ರೋಲ್‌ಔಟ್ ಎದುರು ಯಾರೂ ನಿಲ್ಲಲಾರರು.” ಯಾಕೆ ನಿಲ್ಲಲಾರರು? ವಿಟ್ನಿಯ ಹಸು ಮಿಲ್ಟ್ಯಾಂಕ್ ಉರುಳಿ ಬಂದು ಹೊಡೆಯುವ ಈ ರೋಲ್‌ಔಟ್‌ನ ಮೊದಲ ಹೊಡೆತದ ಬಲ ಬರೀ 30. ತಪ್ಪದೆ ತಗುಲುತ್ತ ಹೋದರೆ 60, 120, 240, ಐದನೆಯದಕ್ಕೆ 480. ಮೊದಲ ಸಲ ಉರುಳಿ ಬಂದಾಗ ಈ ಹಸುವಿನಿಂದ ಹೆದರುವಂಥದ್ದೇನೂ ಇಲ್ಲ. ಮೂರನೇ ಸಲಕ್ಕೆ ಕೈಕಾಲು ನಡುಗುತ್ತವೆ. ಅಂದರೆ ಆಟಗಾರನ ಕೈಯಲ್ಲಿ ಇರೋದು ಎರಡು ಸರದಿ. ಆ ಎರಡರಲ್ಲಿ ಏನು ಮಾಡಬೇಕು ಅನ್ನೋದೇ ಇಡೀ ಪಂದ್ಯ. ನೀವು ‘ಭಯಾನಕ’ ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಆ ಐದು ಅಂಕಿ ಬರೆದಿದ್ದರೆ ಓದುಗ ತಾನೇ ಹೆದರುತ್ತಿದ್ದ.

ಎರಡನೇ ವಾಕ್ಯ: “ಅದು ಉರುಳಲು ಶುರುಮಾಡಿದ ಕೂಡಲೇ ಬೇರೆ ಪೋಕೆಮಾನ್‌ಗೆ ಬದಲಿಸಿ.” ಇದನ್ನು ಓದಿ ಸಿಟ್ಟೇ ಬಂತು. ಬದಲಿಸಿದರೆ ಅದರ ಎಣಿಕೆ ನಿಲ್ಲುವುದಿಲ್ಲ. ಒಳಗೆ ಬಂದದ್ದು ತಾನೊಂದು ಏಟು ಹಾಕುವ ಮೊದಲೇ ದುಪ್ಪಟ್ಟಾದ ಹೊಡೆತ ತಿನ್ನುತ್ತದೆ, ನಿಮ್ಮ ಒಂದು ಸರದಿಯೂ ಹೋಗುತ್ತದೆ. ನಿಮ್ಮ ಮಾತು ನಂಬಿ ಆಡುವ ಹುಡುಗ ಒಂದೊಂದಾಗಿ ಇಡೀ ತಂಡವನ್ನೇ ಕಳೆದುಕೊಳ್ಳುತ್ತಾನೆ. ರೋಲ್‌ಔಟ್ ಮುರಿಯೋದು ಏಟು ತಪ್ಪಿದಾಗ. ತಪ್ಪಿಸುವ ಸಾಧನ ಆಟಗಾರನ ಚೀಲದಲ್ಲೇ ಇದೆ: ಮೊದಲ ಜಿಮ್ ಗೆದ್ದಾಗ ಅಲ್ಲಿನ ನಾಯಕ ಫಾಕ್ನರ್ ಕೊಟ್ಟ ಟಿಎಂ31, ಪೋಕೆಮಾನ್‌ಗೆ ಮಡ್-ಸ್ಲ್ಯಾಪ್ ಎಂಬ ಮಣ್ಣೆರಚುವ ಏಟು ಕಲಿಸುವ ಯಂತ್ರ. ಪ್ರತಿ ಸಲ ಮಣ್ಣೆರಚಿದಾಗ ಮಿಲ್ಟ್ಯಾಂಕ್‌ನ ಗುರಿ ಇನ್ನಷ್ಟು ಕೆಡುತ್ತದೆ. ಒಂದು ಸಲ ಗುರಿ ತಪ್ಪಿತೋ, ಲೆಕ್ಕ ಮತ್ತೆ 30ರಿಂದ ಶುರು. ಕಲ್ಲು-ನೆಲ ಜಾತಿಯ ಜಿಯೋಡ್ಯೂಡ್‌ಗೆ ಇದನ್ನು ಕಲಿಸಿ ಮುಂದೆ ನಿಲ್ಲಿಸಿದರೆ ಮಿಲ್ಟ್ಯಾಂಕ್‌ನ ಸ್ಟಾಂಪ್ (ತುಳಿತ), ರೋಲ್‌ಔಟ್ ಎರಡೂ ಅದಕ್ಕೆ ಅರ್ಧ ಮಾತ್ರ ತಗುಲುತ್ತವೆ. ಮಡ್-ಸ್ಲ್ಯಾಪ್ ಹೆಸರೇ ನಿಮ್ಮ ಬರಹದಲ್ಲಿಲ್ಲ.

ಮೂರನೇ ವಾಕ್ಯ: “ಬಲಿಷ್ಠ ತಂಡ ಕಟ್ಟಿ ತಾಳ್ಮೆಯಿಂದ ಆಡಿದರೆ ಗೆಲುವು ನಿಶ್ಚಿತ.”

ಇಂಥ ವಾಕ್ಯ ಕಂಡಾಗಲೆಲ್ಲ ನನಗೆ ಕೆಲಸ ಕಲಿಸಿದ ಹಿರಿಯ ಉಪಸಂಪಾದಕರು ನೆನಪಾಗುತ್ತಾರೆ. ಕಲಬುರಗಿಯ ಒಂದು ಸಂಜೆ ಪತ್ರಿಕೆಯಲ್ಲಿ ನಾನಾಗ ಹೊಸ ಹುಡುಗ. ಆಳಂದ ಕಡೆಯ ಜಾತ್ರೆಗಳ ಕುಸ್ತಿ ವರದಿ ನನ್ನ ಪಾಲಿಗೆ ಬರುತ್ತಿತ್ತು. ಅವರು ನನ್ನ ಹಾಳೆ ಮುಟ್ಟುವ ಮೊದಲು ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತಿದ್ದರು: “ರೋಚಕ ಗಿಚಕ ಆಮ್ಯಾಲ. ಮದಲ ಯಾರ ಕೈ ಎಲ್ಲಿ ಬಿತ್ತು, ಅದು ಹೇಳು ತಮ್ಮಾ. ಕುತ್ತಿಗಿಗೋ, ಕಾಲಿಗೋ? ಅವ ಹೆಂಗ ಬಿಡಿಸ್ಕೊಂಡ?” ನಾನು ಬಾಯಲ್ಲಿ ಹೇಳಬೇಕು. ಹೇಳಿದ್ದನ್ನೇ ಹೇಳಿದ ಕ್ರಮದಲ್ಲೇ ಅವರು ಬರೆದುಕೊಳ್ಳುತ್ತಿದ್ದರು. ಮರುದಿನ ಅದೇ ಅಚ್ಚಾಗುತ್ತಿತ್ತು. ಒಮ್ಮೆ ಹಳ್ಳಿಯಿಂದ ಹಿರಿಯರೊಬ್ಬರು ಪತ್ರಿಕೆ ಮಡಚಿಕೊಂಡು ಕಚೇರಿಗೇ ಬಂದರು. ಸೋತ ಪೈಲ್ವಾನ ಅವರ ಮಗ. ವರದಿಯಲ್ಲಿದ್ದ ಪಟ್ಟನ್ನು ಮೇಜಿನ ಮುಂದೆಯೇ ಕೈ ಮಾಡಿ ತೋರಿಸಿ, ಇಲ್ಲಿ ಮೊಣಕೈ ಒಳಗೆ ತಗೊಂಡಿದ್ದರೆ ಬಿಡಿಸಿಕೊಳ್ಳಬಹುದಿತ್ತಲ್ಲ ಅಂತ ವಾದಕ್ಕೇ ಇಳಿದರು. ಉಪಸಂಪಾದಕರು ಅವರಿಗೆ ಕುರ್ಚಿ ಕೊಟ್ಟು ಚಹಾ ತರಿಸಿದರು. ಸೋಲು ಗೆಲುವನ್ನು ಅಷ್ಟು ಹತ್ತಿರದಿಂದ ಓದುವ ಜನ ಇದ್ದಾರೆ ಅಂತ ನನಗೆ ಗೊತ್ತಾಗಿದ್ದು ಅವತ್ತು. ನಿಮ್ಮ ಓದುಗರೂ ಅಂಥವರೇ. ಬಹಳ ಮಂದಿ ಈ ಜಿಮ್‌ನಲ್ಲಿ ಸೋತು ಬಂದವರು.

ಹಾಗಾಗಿ ‘ಬಲಿಷ್ಠ ತಂಡ’ ಅಂದರೆ ಅವರಿಗೆ ಸಾಲದು. ಯಾವುದು ಬಲಿಷ್ಠ, ಯಾರ ಎದುರು? ಆಟ ಶುರುವಾಗುವಾಗ ಸಿಗುವ ಪೋಕೆಮಾನ್ ಎಂಟರಲ್ಲಿ ಏಳು ಪಾಲು ಗಂಡೇ ಆಗಿರುತ್ತದೆ. ಮಿಲ್ಟ್ಯಾಂಕ್ ಯಾವಾಗಲೂ ಹೆಣ್ಣು. ಎದುರಾಳಿಯನ್ನು ಮೋಹಕ್ಕೆ ಬೀಳಿಸುವ ಅದರ ಅಟ್ರ್ಯಾಕ್ಟ್ ನಡೆಯೋದು ಗಂಡಿನ ಮೇಲೆ ಮಾತ್ರ, ನಡೆಯಿತೆಂದರೆ ನಿಮ್ಮದು ಅರ್ಧಕ್ಕರ್ಧ ಸರದಿ ಸುಮ್ಮನೆ ನಿಲ್ಲುತ್ತದೆ. ಅಷ್ಟರಲ್ಲಿ ರೋಲ್‌ಔಟ್ 120 ದಾಟಿರುತ್ತದೆ. ಶುರುವಿನಲ್ಲೇ ಸಿಕ್ಕಿ ಮುದ್ದಿನಿಂದ ಸಾಕಿದ ಸಿಂಡಾಕ್ವಿಲ್ ಇಲ್ಲಿ ಸಾಯೋದು ಹೀಗೆ, ಅದರ ಬೆಂಕಿ ಜಾತಿಗೆ ರೋಲ್‌ಔಟ್‌ನಂಥ ಕಲ್ಲಿನ ಏಟು ದುಪ್ಪಟ್ಟು ಬೇರೆ. ನೀವು “ಅಟ್ರ್ಯಾಕ್ಟ್‌ಗೆ ಹೆದರಬೇಡಿ” ಅಂತ ಧೈರ್ಯ ಹೇಳಿದ್ದೀರಿ. ಧೈರ್ಯ ಬೇಡ, ಹೆಣ್ಣು ಪೋಕೆಮಾನ್ ಬೇಕು. ಈ ಜಿಮ್ ಇರುವ ಗೋಲ್ಡನ್‌ರಾಡ್ ಊರಿನ ಡಿಪಾರ್ಟ್‌ಮೆಂಟ್ ಸ್ಟೋರ್‌ನ ಐದನೇ ಮಹಡಿಯಲ್ಲಿ ಡ್ರೌಜಿ ಎಂಬ ಪೋಕೆಮಾನ್ ಕೊಟ್ಟರೆ ಕಾದಾಟದ ಜಾತಿಯ ಮಚಾಪ್ ಕೊಡುವವನಿದ್ದಾನೆ. ಆ ಮಚಾಪ್ ಹೆಣ್ಣು. ರೋಲ್‌ಔಟ್ ಅದಕ್ಕೆ ಅರ್ಧ ತಗುಲುತ್ತದೆ, ಅದರ ಏಟು ಮಿಲ್ಟ್ಯಾಂಕ್‌ಗೆ ದುಪ್ಪಟ್ಟು. ಬೇರೆಯವರಿಂದ ಬಂದ ಪೋಕೆಮಾನ್ ಆದ್ದರಿಂದ ಅನುಭವದ ಅಂಕವೂ ಒಂದೂವರೆ ಪಟ್ಟು, ಬೇಗ ಬೆಳೆಯುತ್ತದೆ. ಆಟ ಮಾಡಿದವರು ಬೀಗದ ಪಕ್ಕದಲ್ಲೇ ಕೀಲಿ ಇಟ್ಟಿದ್ದಾರೆ. ನಿಮ್ಮ ಆರು ಹೆಸರುಗಳ ಪಟ್ಟಿಯಲ್ಲಿ ಮಚಾಪ್ ಕೊನೆಯಲ್ಲಿದೆ, ಯಾಕಿದೆ ಅಂತ ಒಂದು ಮಾತೂ ಇಲ್ಲ.

ಮಿಲ್ಕ್ ಡ್ರಿಂಕ್ ಕುಡಿದು ಮಿಲ್ಟ್ಯಾಂಕ್ ಅರ್ಧ ಜೀವ ವಾಪಸ್ ಪಡೆಯುತ್ತದೆ. ಚೂರುಚೂರು ಹೊಡೆಯುತ್ತ ಕೂತರೆ ಪಂದ್ಯ ಮುಗಿಯುವುದೇ ಇಲ್ಲ. ‘ತಾಳ್ಮೆಯಿಂದ ಆಡಿ’ ಅನ್ನುವ ಸಲಹೆ ಇಲ್ಲಿ ತಲೆಕೆಳಗು: ಮಣ್ಣೆರಚುವವರೆಗೆ ತಾಳ್ಮೆ, ಮಚಾಪ್ ಬಂದ ಮೇಲೆ ಬಿಡುವು ಕೊಡದೆ ಹೊಡೆತ.

ಇನ್ನೊಮ್ಮೆ ಬರೆಯಿರಿ. ಆರು ಉಪಾಯ ಬೇಡ, ನೀವು ಗೆದ್ದ ಒಂದೇ ಪಂದ್ಯವನ್ನು ಸರದಿಯ ಪ್ರಕಾರ ಬರೆಯಿರಿ. ಮೊದಲು ಬರುವ ಲೆವೆಲ್ 18ರ ಕ್ಲೆಫೇರಿಯನ್ನು ಎರಡು ಸಾಲಲ್ಲಿ ಮುಗಿಸಿ, ಲೆವೆಲ್ 20ರ ಮಿಲ್ಟ್ಯಾಂಕ್ ಹತ್ತಿರ ನಿಲ್ಲಿ. ಅದು ಎಷ್ಟನೇ ಸಲ ಉರುಳಿದಾಗ ಗುರಿ ತಪ್ಪಿತು, ಆಗ ನಿಮ್ಮ ಕಡೆ ಯಾರಿದ್ದರು, ಎಷ್ಟು ಜೀವ ಉಳಿದಿತ್ತು, ಎಲ್ಲ ಬರಲಿ. ಡ್ರೌಜಿ ಊರಿನ ದಕ್ಷಿಣಕ್ಕೆ 34ನೇ ರೂಟ್‌ನ ಹುಲ್ಲಲ್ಲಿ ಸಿಗುತ್ತದೆ ಅನ್ನೋದನ್ನೂ ಹಾಕಿ, ಹುಡುಗರು ಹುಡುಕಾಡಬಾರದು. ಈ ತಿಂಗಳೊಳಗೆ ಬಂದರೆ ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿಮಗಾಗಿ ಇಟ್ಟಿರುತ್ತೇನೆ.

ಸಂಪಾದಕ, ಕಲಬುರಗಿ