ಡಿ-ಡೈಮರ್ ‘ನೆಗೆಟಿವ್’ ಎಂದರೆ ಯಾವಾಗ ನಂಬಬೇಕು?

ಊದಿದ ಕಾಲನ್ನು ಯಾರು ಪರೀಕ್ಷಿಸಿದರು, ಅವರೇನು ಹೇಳಿದರು ಎಂಬುದನ್ನು ತಿಳಿಸದೆ, ರಕ್ತ ಹೆಪ್ಪುಗಟ್ಟಿರುವ ಸುಳಿವಿಗಾಗಿ ಮಾಡುವ ಡಿ-ಡೈಮರ್ ಎಂಬ ರಕ್ತ ಪರೀಕ್ಷೆಯ ಲ್ಯಾಬ್ ವರದಿಯ ಫೋಟೊವನ್ನಷ್ಟೇ ಕಳುಹಿಸಿ ‘ಇದು ನಾರ್ಮಲ್ಲೇ?’ ಎಂದು ಕೇಳುವ ಪತ್ರಗಳು ಮತ್ತೆ ಮತ್ತೆ ಬರುತ್ತಿವೆ. ಹೀಗಾಗಿ ಈ ಬಾರಿ ಒಂದು ಪ್ರಶ್ನೆಗೆ ವಿವರವಾಗಿ ಉತ್ತರಿಸಿ ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ.

ಪ್ರಶ್ನೆ: ತಾಯಿಗೆ 67 ವರ್ಷ. ಐದು ವಾರಗಳ ಹಿಂದೆ ಬಲ ಮಂಡಿ ಬದಲಿ ಶಸ್ತ್ರಚಿಕಿತ್ಸೆ ಆಗಿದೆ. ಇಳಿದಿದ್ದ ಊತ ನಾಲ್ಕು ದಿನಗಳಿಂದ ಮೀನಖಂಡದಲ್ಲಿ ಮತ್ತೆ ಕಾಣಿಸಿಕೊಂಡಿದೆ, ಒತ್ತಿದರೆ ನೋವು. ಡಿ-ಡೈಮರ್ ರ‍್ಯಾಪಿಡ್ ಪರೀಕ್ಷೆ ನೆಗೆಟಿವ್ ಬಂದಿದೆ. ಡಾಪ್ಲರ್ ಸ್ಕ್ಯಾನ್ (ಕಾಲಿನ ರಕ್ತನಾಳಗಳ ಅಲ್ಟ್ರಾಸೌಂಡ್) ಬಿಡಬಹುದೇ?

ಉತ್ತರ: ಬಿಡಬಾರದು, ಇಂದೇ ಮಾಡಿಸಬೇಕು. ಈ ಉತ್ತರ ಪ್ರಕಟವಾಗುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ಇವರಿಗೆ ಆಗಲೇ ಪ್ರತ್ಯೇಕವಾಗಿ ತಿಳಿಸಿದ್ದೇನೆ.

ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಳ್ಳುತ್ತವೆ. ದೇಹ ಅವನ್ನು ಕರಗಿಸತೊಡಗಿದಾಗ ರಕ್ತದಲ್ಲಿ ಉಳಿಯುವ ತುಣುಕೇ ಡಿ-ಡೈಮರ್. ಶಸ್ತ್ರಚಿಕಿತ್ಸೆ, ಗರ್ಭ, ಸೋಂಕು, ಕ್ಯಾನ್ಸರ್, ಪೆಟ್ಟು, ಕೊನೆಗೆ ಬರಿಯ ವಯಸ್ಸಿನಿಂದಲೂ ಅದು ಏರುವುದರಿಂದ, ಪಾಸಿಟಿವ್ ಬಂದ ಮಾತ್ರಕ್ಕೆ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಇದೆ, ಅಂದರೆ ಡಿವಿಟಿ ಆಗಿದೆ, ಎನ್ನಲಾಗದು. ನೆಗೆಟಿವ್‌ಗೆ ಬೆಲೆಯುಂಟು, ಆದರೆ ಕಾಲನ್ನು ನೋಡಿದ ವೈದ್ಯರು ರಕ್ತ ತೆಗೆಯುವ ಮೊದಲೇ ‘ಸಂಭವ ಕಡಿಮೆ’ ಎಂದು ತೀರ್ಮಾನಿಸಿದ್ದಾಗ ಮಾತ್ರ.

ಆ ತೀರ್ಮಾನಕ್ಕೆ ಕೆನಡಾದ ವೈದ್ಯ ಫಿಲಿಪ್ ವೆಲ್ಸ್ ಮತ್ತು ಸಂಗಡಿಗರು ರೂಪಿಸಿದ ಅಂಕಪಟ್ಟಿಯಿದೆ. ಹನ್ನೆರಡು ವಾರಗಳೊಳಗಿನ ದೊಡ್ಡ ಶಸ್ತ್ರಚಿಕಿತ್ಸೆ, ಆಳದ ರಕ್ತನಾಳದ ಗುಂಟ ಒತ್ತಿದರೆ ನೋವು, ಇನ್ನೊಂದು ಕಾಲಿಗಿಂತ 3 ಸೆಂ.ಮೀ.ಗೂ ಹೆಚ್ಚು ದಪ್ಪವಾದ ಮೀನಖಂಡ, ಹಿಂದೆ ಆದ ಡಿವಿಟಿ ಮುಂತಾದ ಪ್ರತಿಯೊಂದಕ್ಕೂ ಒಂದು ಅಂಕ. ಒಟ್ಟು ಎರಡಕ್ಕಿಂತ ಕಡಿಮೆಯಿದ್ದು ಡಿ-ಡೈಮರ್ ಕೂಡ ನೆಗೆಟಿವ್ ಆಗಿದ್ದರೆ ಸ್ಕ್ಯಾನ್ ಇಲ್ಲದೆಯೂ ಸುರಕ್ಷಿತವಾಗಿ ಮನೆಗೆ ಕಳುಹಿಸಬಹುದೆಂದು 2003ರಲ್ಲಿ ಅವರ ಅಧ್ಯಯನ ತೋರಿಸಿತು. ಈ ತಾಯಿಗೆ ಶಸ್ತ್ರಚಿಕಿತ್ಸೆ ಮತ್ತು ನೋವಿನಿಂದಲೇ ಎರಡು ಅಂಕ ಆಗುತ್ತದೆ. ಊತಕ್ಕೆ ಬೇರೆ ಕಾರಣ ಅಷ್ಟೇ ಸಂಭವನೀಯವಾಗಿದ್ದರೆ ಎರಡು ಅಂಕ ಕಳೆಯಬೇಕೆಂಬುದು ನಿಜ, ಮೊಬೈಲಿನಲ್ಲಿ ಲೆಕ್ಕ ಹಾಕುವವರು ಎಡವುವುದೂ ಅಲ್ಲಿಯೇ. ಒಮ್ಮೆ ಇಳಿದು ಮತ್ತೆ ಬಂದ ಊತವನ್ನು ‘ಆಪರೇಷನ್ನಿನದು’ ಎಂದು ತಳ್ಳಿಹಾಕುವ ಧೈರ್ಯ ನನಗಂತೂ ಇಲ್ಲ.

ಇನ್ನೊಂದು ಮಾತು. ಮಂಡಿ ಬದಲಿಸಿದ ಬಳಿಕ ಹೆಪ್ಪು ತಡೆಯುವ ಮಾತ್ರೆಯನ್ನು ಕೆಲವು ವಾರ ಕೊಡುವುದುಂಟು. ಆ ಮಾತ್ರೆ ಡಿ-ಡೈಮರನ್ನೂ ತಗ್ಗಿಸಬಲ್ಲದು. ಬೆರಳಿನ ರಕ್ತದ ಹನಿಯಿಂದ ಮಾಡುವ ಕೆಲವು ಕಾರ್ಡ್ ಪರೀಕ್ಷೆಗಳಲ್ಲಿ ಮಾಸಲು ಗೆರೆಯನ್ನು ಕಣ್ಣಳತೆಯಲ್ಲಿ ಓದಬೇಕಾಗುತ್ತದೆ. ಸಣ್ಣ ಹೆಪ್ಪು ತಪ್ಪಿಹೋಗಲು ಅಷ್ಟು ಸಾಕು. ಸ್ಕ್ಯಾನಿನಲ್ಲಿ ತೊಡೆಯಿಂದ ಮಂಡಿಯವರೆಗೆ ಮಾತ್ರ ನೋಡಿ ‘ಏನೂ ಇಲ್ಲ’ ಎಂದಿದ್ದರೆ, ವಾರದ ಬಳಿಕ ಮತ್ತೊಮ್ಮೆ ಬೇಕೇ ಎಂದು ಕೇಳಿ. ನಡುವೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಲ್ಯಾಬಿಗಲ್ಲ, ನೇರವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು.

ಪ್ರಶ್ನೆ: ಒಂದು ಲ್ಯಾಬಿನಲ್ಲಿ 420, ಮರುದಿನ ಇನ್ನೊಂದರಲ್ಲಿ 210. ಅರ್ಧಕ್ಕೆ ಇಳಿಯಿತೇ?

ಉತ್ತರ: ಇಳಿದಿರಲಾರದು. ಡಿ-ಡೈಮರನ್ನು ಎರಡು ಬೇರೆ ಮಾನಗಳಲ್ಲಿ ಅಳೆಯುತ್ತಾರೆ, ಯಾವುದೆಂದು ತಿಳಿಯಲು ಅಂಕಿಯ ಪಕ್ಕದ ಅಕ್ಷರಗಳನ್ನು ನೋಡಿ: ಮೊದಲನೆಯದು ಎಫ್‌ಇಯು, ಎರಡನೆಯದು ಡಿಡಿಯು ಆಗಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ. ಎಫ್‌ಇಯುನಲ್ಲಿ ಸಾಮಾನ್ಯ ಮಿತಿ 500 ಆದರೆ ಡಿಡಿಯುನಲ್ಲಿ ಸುಮಾರು 250.

ಪ್ರಶ್ನೆ: ಯಾವ ತೊಂದರೆಯೂ ಇಲ್ಲ, ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ 780 ಬಂದಿದೆ. ವಯಸ್ಸು 72.

ಉತ್ತರ: ತೊಂದರೆಯಿಲ್ಲದವರಿಗೆ ಈ ಪರೀಕ್ಷೆ ಮಾಡಿದ್ದೇ ತಪ್ಪು. ಐವತ್ತು ದಾಟಿದವರಿಗೆ ಅನೇಕ ವೈದ್ಯರು ಎಫ್‌ಇಯು ಲೆಕ್ಕದಲ್ಲಿ ವಯಸ್ಸಿನ ಹತ್ತುಪಟ್ಟನ್ನು ಮಿತಿಯಾಗಿ ಇಟ್ಟುಕೊಳ್ಳುತ್ತಾರೆ. ನಿಮಗೆ ಅದು 720. ಉಳಿದ 60ಕ್ಕಾಗಿ ನಿದ್ದೆಗೆಡಬೇಡಿ.

ಪ್ರಶ್ನೆ: ಉಳುಕು ತೆಗೆಯುವವರು ಎಣ್ಣೆ ಹಾಕಿ ನೀವಿದರೆ ಹೆಪ್ಪು ಕರಗುವುದೇ?

ಉತ್ತರ: ಕರಗದು. ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಪ್ರಾಣ ತೆಗೆಯಬಹುದು. ಕಾರಣ ಗೊತ್ತಿಲ್ಲದೆ ಊದಿದ ಒಂದೇ ಕಾಲನ್ನು ನೀವಲು ಕೈ ಹಾಕುವವರಿಂದ, ‘ಇಂಗ್ಲಿಷ್ ಮಾತ್ರೆ ನಿಲ್ಲಿಸಿ’ ಎನ್ನುವವರಿಂದ ದೂರವಿರಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇನೆ. ವಿಮಾನ ಹತ್ತುವ ಮೊದಲು ಡಿ-ಡೈಮರ್ ಮಾಡಿಸಲೇ?

ಉತ್ತರ: ಬೇಡ.