ಹಾರ್ಟಿನ ಬಲಗಡಿಗೆ ಹಾಕೋ ಪಂಪ್ ಕಾಯಂ ಇರ್ತದೇನ್ರಿ?

ಇಲ್ರಿ, ಕಾಯಂ ಅಲ್ಲ, ಸ್ವಲ್ಪ ದಿನದ್ದು. ನಿಮ್ಮ ಅಪ್ಪಾರಿಗೆ ಅಟ್ಯಾಕ್ ಆಗಿ ಎರಡು ದಿನ ಆಗ್ಯದ, ಬ್ಲಾಕ್ ತೆಗೆದ್ರೂ ಬಲಗಡಿ ಕೆಲಸ ಮಾಡವಲ್ದು, ಯಾದಗಿರಿಯಿಂದ ಹೈದರಾಬಾದಿಗೆ ಒಯ್ದ ಮ್ಯಾಲೆ ಪಂಪ್ ಹಾಕ್ತೀವಿ ಅಂತಾರ ಅಂತ ಬರ್ದೀರಿ. ನಾನು ಸೇಡಂ ಕಡಿಯಾಕಿ, ಕಾರ್ಡಿಯಾಕ್ ಐಸಿಯುದಾಗ ನರ್ಸ್ ಆಗಿ ಒಂಬತ್ತು ವರ್ಷ ಆತು, ನೋಡಿದ್ದು ಹೇಳ್ತೀನಿ, ಆದ್ರ ರಿಪೋರ್ಟ್ ನೋಡಿದ ಡಾಕ್ಟರ್ ಮಾತೇ ಕೊನಿ.

ಬಲಗಡಿದು ತೆಳ್ಳನ ಗೋಡಿ, ರಕ್ತ ಶ್ವಾಸಕೋಶಕ್ಕ ದೂಡೋದು ಅದರ ಕೆಲಸ. ಅದು ಸೋತ್ರ ಹಿಂದ ರಕ್ತ ತುಂಬಿ ಕುತ್ತಿಗಿ ನರ ಉಬ್ಬತಾವ, ಲಿವರ್ ಬಾಯ್ತದ, ಕಾಲು ಬಾಯ್ತಾವ, ಮುಂದ ಎಡಗಡಿಗೆ ದೂಡಲಿಕ್ಕೆ ರಕ್ತನೇ ಸಿಗಲ್ಲ, ಹಂಗಾಗಿ ಬಿಪಿ ಬಿದ್ದು ಕಿಡ್ನಿಗೂ ಪೆಟ್ಟು ಬೀಳ್ತದ. ಪಂಪ್ ಆ ಸೋತ ಕೋಣೆ ದಾಟಿಸಿ ರಕ್ತ ಮುಂದ ಒಯ್ತದ. ಇಂಪೆಲ್ಲಾ ಆರ್‌ಪಿ ಅಂತ ಒಂದು ಅದ, ತೊಡಿ ಸಂದಿ ನರದಿಂದ ಮ್ಯಾಲೆ ಏರಸ್ತಾರ, ನಿಮಿಷಕ್ಕ 4 ಲೀಟರ್ ತನಕ ರಕ್ತ ಎಳೆದು ಶ್ವಾಸಕೋಶಕ್ಕ ಹೋಗೋ ರಕ್ತನಾಳಕ್ಕ (ಪಲ್ಮನರಿ ಆರ್ಟರಿ) ಬಿಡ್ತದ, ಅಮೆರಿಕಾದಾಗ ಅದಕ್ಕ ಒಪ್ಪಿಗಿ ಇರೋದೇ 14 ದಿನದ ತನಕ. ಪ್ರೊಟೆಕ್‌ಡ್ಯುಯೊ ಅಂತ ಇನ್ನೊಂದು, ಅದನ್ನ ಕುತ್ತಿಗಿಯಿಂದ ಹಾಕ್ತಾರ, ಅದರಾಗ ಎದ್ದು ಕೂಡಬಹುದು. ಎರಡೂ ಕಡಿ ಸೋತ್ರ, ಆಕ್ಸಿಜನ್ನೂ ಇಳಿದ್ರ, ಎಕ್ಮೋ, ಅಂದ್ರ ರಕ್ತ ಹೊರಗ ತಗದು ಆಕ್ಸಿಜನ್ ಸೇರಿಸಿ ತಿರುಗಿ ಒಳಗ ಬಿಡೋ ಮಷೀನ್.

ನಮ್ಮ ಕಡಿಯ ಒಬ್ಬ ಕಾಕಾಗ ಎಕ್ಮೋ ಹಾಕಿದ್ರು, ನಿಮ್ಮ ಅಪ್ಪಾರಂಗೇ ಬಲಗಡಿ ಅಟ್ಯಾಕ್. ಪೈಪ್ ತೊಡಿಯಾಗ ಇರ್ತದಲ್ರಿ, ಕಾಲು ಮಡಚಂಗಿಲ್ಲ, ಅವರು ನಿದ್ದಿಗಣ್ಣಾಗ ಮೊಣಕಾಲು ಎತ್ತಿದಾಗೆಲ್ಲ ನಾನು ಕೈ ಇಟ್ಟು "ಕಾಕಾ, ಬ್ಯಾಡ್ರಿ" ಅಂತಿದ್ದೆ, ತಾಸಿಗೊಮ್ಮೆ ಪಾದ ತಣ್ಣಗಾಗ್ಯದೇನು ಅಂತ ಮುಟ್ಟಿ ನೋಡ್ತಿದ್ದೆ. ಮೊದಲ್ನೇ ರಾತ್ರಿ ಯೂರಿನ್ ಬ್ಯಾಗಿಗೆ ತಾಸಿಗೆ 10 ಎಂಎಲ್ ಬರೋದೇ ಕಷ್ಟ ಇತ್ತು, ಮೂರನೇ ದಿನ 80 ಬಂದಾಗ ಅವರ ಮಗಳಿಗೆ ಓಡಿಹೋಗಿ ಹೇಳಿದೆ. ಆರನೇ ದಿನ ಪೈಪ್ ತೆಗೆದ್ರು. ಬ್ಲಾಕ್ ತೆಗೆದ ಮ್ಯಾಲೆ ಬಲಗಡಿ ಸ್ನಾಯು ಭಾಳ ಮಂದಿಗೆ ಹಿಂಗ ತಿರುಗಿ ಚೇತರಿಸ್ತದ, ಅದಕ್ಕ ಟೈಮ್ ಕೊಡಲಿಕ್ಕೇ ಈ ಪಂಪ್.

ಆದ್ರ ತೊಂದ್ರಿನೂ ಅದಾವ, ಮುಚ್ಚಿಡಲ್ಲ. ರಕ್ತ ಹೆಪ್ಪುಗಟ್ಟಬಾರ್ದು ಅಂತ ಹೆಪಾರಿನ್ ಕೊಡ್ತಾರ, ಅದರಿಂದ ಬ್ಲೀಡಿಂಗ್ ಆಗಬಹುದು, ಪಂಪಿನಾಗ ರಕ್ತಕಣ ಒಡೆದ್ರ ಯೂರಿನ್ ಚಹಾ ಡಿಕಾಕ್ಷನ್ ಬಣ್ಣಕ್ಕ ತಿರುಗ್ತದ, ನೀವು ಕಂಡ್ರ ಕೂಡ್ಲೇ ಸಿಸ್ಟರ್‌ಗೆ ಹೇಳ್ರಿ. ಇನ್ನ ವರ್ಷಾನುಗಟ್ಲೆ ಬೀಡಿ, ಒಲಿ ಹೊಗಿ ಕುಡಿದು ಶ್ವಾಸಕೋಶ ಕೆಟ್ಟು ಬಲಗಡಿ ಸೋತವರಿಗೆ ಪಂಪ್ ಹಾಕೋದು ಬ್ಯಾರೇನೇ ಮಾತು, ತೆಗೆಯೋ ದಿನ ಬರೋದೇ ಕಷ್ಟ. ಎಡಗಡಿಗೆ ಹಾರ್ಟ್‌ಮೇಟ್ 3 ಅನ್ನೋ ಕಾಯಂ ಪಂಪ್ ಹಾಕ್ಕೊಂಡು ಮನಿಗೆ ಹೋಗ್ತಾರಲ್ಲ, ಬಲಗಡಿ ಒಂದಕ್ಕೇ ಅಂತ ಮಾಡಿದ ಹಂಥಾದ್ದು ಇಲ್ಲ.

ಅದಕ್ಕ ಸಹಿ ಮಾಡೋ ಮೊದ್ಲು ಡಾಕ್ಟರಿಗೆ ಇದು ಕೇಳ್ರಿ: ಹತ್ತು ದಿನಕ್ಕೂ ಬಲಗಡಿ ಚೇತರಿಸಿಲ್ಲ ಅಂದ್ರ ಮುಂದೇನು? ಹಾರ್ಟ್ ಬದಲಿಸೋ ಟ್ರಾನ್ಸ್‌ಪ್ಲಾಂಟಿಗೆ ಅಪ್ಪಾರು ತಡೀತಾರೇನು? ತಡೀತಾರ ಅಂದ್ರ ಅಲ್ಲೇ ತೆಲಂಗಾಣದ ಅಂಗದಾನದ ಪಟ್ಟಿ ಜೀವನ್‌ದಾನ್‌ದಾಗ ಹೆಸರು ಬರೆಸೋದು ಹೆಂಗ ಕೇಳ್ರಿ, ನಮ್ಮ ಕರ್ನಾಟಕಕ್ಕ ಅದು ಜೀವಸಾರ್ಥಕತೆ. ಅವರು ಏನಂದ್ರು ಇಲ್ಲೇ ಬರೀರಿ, ನಂದು ನೈಟ್ ಡ್ಯೂಟಿ ಅದ, ನಡುವ ನೋಡ್ತಿರ್ತೀನಿ.