ಮೂರು ಆಂಪ್, ಒಂದೇ ರಿಫ್
ಗಿಟಾರ್ ಆಂಪ್: ಓದುಗರ ಪ್ರಶ್ನೆ, ರಿಪೇರಿ ಬೆಂಚಿನ ಉತ್ತರ

ಪ್ರಶ್ನೆ: ಮಾರ್ಷಲ್ ಜೆಸಿಎಂ800, ಮೆಸಾ ಬೂಗಿ ಡ್ಯುಯಲ್ ರೆಕ್ಟಿಫೈಯರ್, ಪೀವಿ 5150 ಮೂರನ್ನೂ ಹೋಲಿಸುವ ವಿಡಿಯೊಗಳನ್ನು ರಾತ್ರಿಯೆಲ್ಲ ನೋಡುತ್ತೇನೆ. ಒಂದರಲ್ಲಿ ಮಾರ್ಷಲ್ ಸೂಪರ್ ಅನ್ನಿಸುತ್ತದೆ. ಇನ್ನೊಂದರಲ್ಲಿ ಅದೇ ಮಾರ್ಷಲ್ ಸಪ್ಪೆ. ನಿಜವಾದ ವ್ಯತ್ಯಾಸ ಏನು ಸಾರ್?
— ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ವಿಡಿಯೊ ಮಾಡಿದವರು ಮೋಸ ಮಾಡಿಲ್ಲ. ಆದರೆ ನಿಮ್ಮ ಕಿವಿಗೆ ಬರುತ್ತಿರುವುದು ಬರೀ ಆಂಪ್‌ನ ಸದ್ದಲ್ಲ. ಸ್ಪೀಕರ್ ಯಾವುದು, ಮೈಕ್ ಎಲ್ಲಿಟ್ಟಿದ್ದರು, ಯಾವುದರ ವಾಲ್ಯೂಮ್ ತುಸು ಜಾಸ್ತಿ ಇತ್ತು, ಎಲ್ಲವೂ ಅದರೊಳಗೆ ಸೇರಿಕೊಂಡಿದೆ.

ಹೋದ ಮಳೆಗಾಲದಲ್ಲಿ ಈ ಮೂರೂ ಹೆಡ್‌ಗಳು (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆಗಳು) ರಿಪೇರಿಗೆಂದು ಒಂದೇ ವಾರ ನನ್ನ ಬೆಂಚಿಗೆ ಬಂದಿದ್ದವು. ಅಂಥ ವಾರ ಮತ್ತೆ ಮತ್ತೆ ಬರುವುದಿಲ್ಲ. ರಿಪೇರಿ ಮುಗಿಸಿ, ಭಾನುವಾರ ಅಂಗಡಿ ಬಾಗಿಲು ಎಳೆದುಕೊಂಡು ಕೂತೆ. ಮೊದಲು ಗಿಟಾರನ್ನು ನೇರ ಕಂಪ್ಯೂಟರಿಗೆ ಸಿಕ್ಕಿಸಿ ಒಂದು ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಗಿಟಾರ್ ತುಣುಕು) ರೆಕಾರ್ಡ್ ಮಾಡಿಕೊಂಡೆ. ಅದನ್ನೇ ರೀಆಂಪ್ ಬಾಕ್ಸ್ ಮೂಲಕ ಮೂರೂ ಆಂಪ್‌ಗೆ ಕಳಿಸಿದೆ. ಯಾಕೆಂದರೆ ಆಂಪ್ ಬದಲಾದ ಕೂಡಲೇ ನಮಗೆ ಗೊತ್ತಿಲ್ಲದೆ ನಮ್ಮ ಕೈಯೂ ಬದಲಾಗುತ್ತದೆ, ಪಿಕ್ ಬೀಳುವ ರೀತಿಯೇ ಬೇರೆಯಾಗುತ್ತದೆ. ಕ್ಯಾಬಿನೆಟ್ ಮೂರಕ್ಕೂ ಒಂದೇ. ನಾಲ್ಕು ಸೆಲೆಶನ್ ವಿಂಟೇಜ್ 30 ಸ್ಪೀಕರ್ ಇರುವಂಥದ್ದು. ಮೈಕ್ ಶೂರ್ ಎಸ್‌ಎಂ57. ಮೈಕ್ ಇಟ್ಟ ಜಾಗಕ್ಕೆ ಸ್ಪೀಕರ್ ಮುಂದಿನ ಜಾಲರಿಯ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದೆ.

ಮೊದಲ ಸಲ ವಾಲ್ಯೂಮ್ ಸಮ ಮಾಡದೆ ಕೇಳಿದೆ. 5150 ಸುಲಭವಾಗಿ ಗೆದ್ದಿತು. ಮೀಟರ್ ನೋಡಿದರೆ ಅದರ ಸದ್ದು 2 ಡೆಸಿಬೆಲ್ ಜಾಸ್ತಿ ಇತ್ತು. ಸಮ ಮಾಡಿ ಕೇಳಿದಾಗ ಆ ಗೆಲುವು ಅರ್ಧ ಕರಗಿತು. ನಮ್ಮ ಕಿವಿಯೇ ಹಾಗೆ. ಸದ್ದು ಸ್ವಲ್ಪ ಏರಿದರೂ ಬಾಸ್ ತುಂಬಿಕೊಂಡ ಹಾಗೆ ಕೇಳಿಸುತ್ತದೆ, ನಾವು ಅದನ್ನು ಒಳ್ಳೆ ಟೋನ್ ಅಂದುಕೊಂಡುಬಿಡುತ್ತೇವೆ. ಆಮೇಲೆ ಮೈಕನ್ನು ಸ್ಪೀಕರಿನ ನಡುವಿನಿಂದ ಅಂಚಿನ ಕಡೆಗೆ ಎರಡು ಬೆರಳಷ್ಟು ಸರಿಸಿದೆ. ಆಂಪ್ ಬದಲಿಸಿದಾಗಲೂ ಅಷ್ಟು ಬದಲಾವಣೆ ಆಗಿರಲಿಲ್ಲ! ಚುರುಕೆಲ್ಲ ಇಳಿದು, ಸ್ಪೀಕರಿಗೆ ಗೋಣಿಚೀಲ ಮುಚ್ಚಿದ ಹಾಗಾಯಿತು.

ಇಷ್ಟನ್ನೆಲ್ಲ ಕಳೆದ ಮೇಲೂ ಉಳಿಯುತ್ತದಲ್ಲ, ಅದು ಆಂಪ್‌ನ ಸ್ವಂತ ದನಿ. ಅದರ ಗುಟ್ಟು ಗೇನ್‌ನಲ್ಲಿದೆ, ಅಂದರೆ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸುತ್ತಾರೆ ಅನ್ನುವುದರಲ್ಲಿದೆ ಅಂತ ಎಲ್ಲರೂ ಹೇಳುತ್ತಾರೆ. ಬೆಂಚಿನ ಮೇಲೆ ಇಷ್ಟು ವರ್ಷ ಕೇಳಿದ ಮೇಲೆ ನಾನು ನಂಬಿರುವುದು ಬೇರೆ: ಬಾಸನ್ನು ಎಲ್ಲಿ ಕತ್ತರಿಸುತ್ತಾರೆ ಅನ್ನುವುದನ್ನು ಮೊದಲು ನೋಡಬೇಕು.

ಈ ಆಂಪ್‌ಗಳಲ್ಲಿ ಸಿಗ್ನಲ್ ಹಿಗ್ಗಿಸುವ ಗಾಜಿನ ಟ್ಯೂಬೇ ವಾಲ್ವ್. ಅದಕ್ಕೆ ತನ್ನ ಅಳವಿಗೆ ಮೀರಿದ ಸಿಗ್ನಲ್ ಬಂದಾಗ ಅದು ಸಿಗ್ನಲ್‌ನ ತಲೆ ಸವರಿಬಿಡುತ್ತದೆ. ಅದೇ ಡಿಸ್ಟಾರ್ಷನ್. ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಜ್. ಆ ಬಾಸ್ ಪೂರ್ತಿಯಾಗಿ ವಾಲ್ವ್‌ಗೆ ನುಗ್ಗಿದರೆ ಮೇಲಿನ ಸ್ವರಗಳನ್ನೂ ತನ್ನ ಜೊತೆ ಎಳೆದಾಡುತ್ತದೆ. ಪಾಮ್ ಮ್ಯೂಟ್ ಮಾಡಿದಾಗ, ಅಂದರೆ ಅಂಗೈ ಅಂಚನ್ನು ತಂತಿಗೆ ಒತ್ತಿ ನುಡಿಸಿದಾಗ, 'ಟಕ್ ಟಕ್' ಅನ್ನಬೇಕಾದದ್ದು 'ಬುಸ್ ಬುಸ್' ಅನ್ನುತ್ತದೆ. ಡಿಸ್ಟಾರ್ಷನ್‌ಗೆ ಮುಂಚೆಯೇ ಬಾಸ್ ಇಳಿಸಿದರೆ ಸದ್ದು ಬಿಗಿಯಾಗುತ್ತದೆ.

ಈಗ ಮೂರನ್ನೂ ನೋಡಿ. ಜೆಸಿಎಂ800 ಹೆಸರು ಬಂದದ್ದು 1981ರಲ್ಲಿ. ಅದರ 100 ವ್ಯಾಟಿನ 2203 ಮಾಡೆಲ್‌ನ ಸರ್ಕ್ಯೂಟ್ ಇನ್ನೂ ಹಳೆಯದು, 1975ರದ್ದು. ಪ್ರೀಆಂಪಿಗೆ (ಟೋನ್ ರೂಪಿಸುವ ಮೊದಲ ಭಾಗ) ಮೂರೇ ವಾಲ್ವ್, ಸ್ಪೀಕರಿಗೆ ಬಲ ಕೊಡುವ ಪವರ್ ಕಡೆಗೆ ಇಎಲ್34 ವಾಲ್ವ್. ಮೊದಲ ಹಂತಗಳಲ್ಲೇ ಬಾಸ್ ಚೆನ್ನಾಗಿ ಇಳಿದುಬಿಡುತ್ತದೆ. ಅದಕ್ಕೇ ಮಿಡ್ (ಬಾಸ್‌ಗೂ ಚುರುಕು ಸದ್ದಿಗೂ ನಡುವಿನದು) ಮುಂದೆ ನಿಲ್ಲುತ್ತದೆ, ಪ್ರತಿ ಏಟೂ ಒಣಗಿದ ಸೌದೆ ಸೀಳಿದ ಹಾಗೆ ಕೇಳಿಸುತ್ತದೆ. ಇವತ್ತಿನ ಲೆಕ್ಕದಲ್ಲಿ ಇದರ ಗೇನ್ ಕಡಿಮೆಯೇ.

ರೆಕ್ಟಿಫೈಯರ್ ಇದಕ್ಕೆ ತದ್ವಿರುದ್ಧ. 1990ರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾದ ಪೆಟಲೂಮದಿಂದ ಬಂದದ್ದು. ಅದರ ಗೇನ್ ಹಂತಗಳು ಮೈಕ್ ಸೋಲ್ಡಾನೊ ಅವರ 1987ರ ಎಸ್‌ಎಲ್‌ಓ‑100 ಆಂಪ್‌ಗೆ ತೀರಾ ಹತ್ತಿರ. ಬಾಸ್ ಧಾರಾಳ. ಒಬ್ಬರೇ ನುಡಿಸುವಾಗ ಗೋಡೆ ಎದ್ದು ನಿಂತ ಹಾಗಿರುತ್ತದೆ. ಹಿಂದೆ ಒಂದು ಸ್ವಿಚ್ ಇದೆ, ಹೆಸರು ಬಂದದ್ದೇ ಅದರಿಂದ. ಎಸಿ ಕರೆಂಟನ್ನು ಡಿಸಿ ಮಾಡಲು (ರೆಕ್ಟಿಫೈಯರ್ ಅಂದರೆ ಅದೇ) ವಾಲ್ವ್ ಬೇಕಾ, ಸಿಲಿಕಾನ್ ಡಯೋಡ್ ಬೇಕಾ ಅಂತ ಆರಿಸಿಕೊಳ್ಳಬಹುದು. ವಾಲ್ವ್ ಕಡೆಗೆ ಹಾಕಿ ಜೋರಾಗಿ ಹೊಡೆದರೆ ವೋಲ್ಟೇಜ್ ಒಂದು ಕ್ಷಣ ಕುಸಿದು ಏಟು ಮೆತ್ತಗಾಗುತ್ತದೆ. ವೇಗದ ರಿಫ್‌ಗೆ ಡಯೋಡೇ ಸರಿ.

5150 ಹೊರಬಂದದ್ದು 1992ರಲ್ಲಿ, ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಅವರಿಗಾಗಿ. ಪ್ರೀಆಂಪಿಗೆ ಐದು 12ಎಎಕ್ಸ್7 ವಾಲ್ವ್, ಪವರ್‌ಗೆ ನಾಲ್ಕು 6ಎಲ್6 ವಾಲ್ವ್. ಅವರು ಪೀವಿ ಬಿಟ್ಟ ಮೇಲೆ ಇದೇ ಆಂಪ್ 6505 ಅನ್ನುವ ಹೆಸರಲ್ಲಿ ಮಾರಾಟವಾಯಿತು. ಬಾಸ್ ಇದರಲ್ಲೂ ಇದೆ, ಆದರೆ ಮಿಡ್‌ನಲ್ಲಿ ಒಂದು ಗರಗಸದ ಹಲ್ಲು ಇದೆ. ಗೇನ್ ಅಂತೂ ಬೇಕಾದಷ್ಟು. ಗೇನ್ ನಾಬ್ ನಾಲ್ಕು ದಾಟಿಸಿದರೆ ಹೆಚ್ಚಿನಂಶ ಬರೀ 'ಸ್‌ಸ್' ಸದ್ದೇ ಏರುತ್ತದೆ.

ನನ್ನ ಮಾತಿಗೆ ಸಾಕ್ಷಿ ಬೇಕಿದ್ದರೆ ನಾಲ್ಕನೆಯದೊಂದು ಇದೆ, ಮೆಸಾದ ಮಾರ್ಕ್ IIಸಿ+. ಮೆಟಲ್ ಬ್ಯಾಂಡ್ ಮೆಟಾಲಿಕಾದ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮ್ಮಿನ ಗಿಟಾರ್‌ನಲ್ಲಿರುವುದು ಅದರ ದನಿ. ಅದರಲ್ಲಿ ಬಾಸ್ ನಾಬ್ ಡಿಸ್ಟಾರ್ಷನ್‌ಗೆ ಮುಂಚೆ ಬರುತ್ತದೆ. ಅದನ್ನು ಒಂದಕ್ಕೋ ಎರಡಕ್ಕೋ ಇಳಿಸಿ, ಕಳೆದುಕೊಂಡ ಬಾಸನ್ನು ಕೊನೆಯ ಐದು ಸ್ಲೈಡರ್‌ಗಳಲ್ಲಿ, 80 ಹರ್ಟ್ಜ್‌ನದ್ದನ್ನು ಮೇಲೆತ್ತಿ, ವಾಪಸ್ ಪಡೆಯಬೇಕು. ಕಡಿಮೆ ಬಾಸ್ ಒಳಗೆ, ಜಾಸ್ತಿ ಬಾಸ್ ಹೊರಗೆ. ಬಿಗಿಯೂ ಆಯಿತು, ದಪ್ಪವೂ ಆಯಿತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ನಾನೂ ಇದ್ದೆ. ಅವರ ಪಾಮ್ ಮ್ಯೂಟ್ ಕಿವಿಗಿಂತ ಮೊದಲು ಎದೆಗೆ ತಾಕುತ್ತಿತ್ತು.

ನೀವು ವಿಡಿಯೊ ನೋಡುವುದು ಬಿಡಬೇಡಿ. ಕಣ್ಣು ಮುಚ್ಚಿಕೊಂಡು ಕೇಳಿ, ದಪ್ಪ ತಂತಿಯ ಪಾಮ್ ಮ್ಯೂಟ್ ಎರಡು ಏಟುಗಳ ನಡುವೆ ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದನ್ನು ಮಾತ್ರ ಗಮನಿಸಿ.

ಪ್ರಶ್ನೆ: ಟ್ಯೂಬ್ ಸ್ಕ್ರೀಮರ್ ಪೆಡಲ್‌ನ ಡ್ರೈವ್ (ಡಿಸ್ಟಾರ್ಷನ್ ನಾಬ್) ಸೊನ್ನೆಗಿಟ್ಟು ಹೈ ಗೇನ್ ಆಂಪ್ ಮುಂದೆ ಹಾಕು ಅಂತ ಗೆಳೆಯ ಹೇಳುತ್ತಾನೆ. ಡ್ರೈವ್ ಸೊನ್ನೆಯಾದರೆ ಪೆಡಲ್ ಯಾಕೆ? ಇನ್ನೊಂದು, ಬ್ಯಾಂಡ್ ಜೊತೆ ನುಡಿಸುವಾಗ ನನ್ನ ಗಿಟಾರ್ ಕೇಳಿಸುವುದೇ ಇಲ್ಲ.
— ಓದುಗ, ಮೈಸೂರು

ಗೆಳೆಯ ಹೇಳಿದ್ದು ಸರಿ. ಆ ಹಸಿರು ಪೆಡಲ್ ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನದನ್ನು ಹಿಂದಕ್ಕೆ ತಳ್ಳಿ ಮಿಡ್ ಮುಂದೆ ತರುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದ ಕೆಲಸವನ್ನೇ ಅದು ಆಂಪ್‌ನ ಹೊರಗೆ ಮಾಡುತ್ತಿದೆ. ಡ್ರೈವ್ ಸೊನ್ನೆ, ಲೆವೆಲ್ ಜಾಸ್ತಿ. ರೆಕ್ಟಿಫೈಯರ್ ಮುಂದೆ ಇದನ್ನಿಟ್ಟು ಒಮ್ಮೆ ಕೇಳಿ, ಬೇರೆಯೇ ಆಂಪ್ ಅನ್ನಿಸುತ್ತದೆ.

ಎರಡನೆಯದಕ್ಕೆ ಕಾರಣ ನಿಮ್ಮ ಮಿಡ್ ನಾಬ್ ಇರಬೇಕು. ಮನೆಯಲ್ಲಿ ಒಬ್ಬರೇ ನುಡಿಸುವಾಗ ಮಿಡ್ ಇಳಿಸಿದರೆ ಚೆಂದ. ಬ್ಯಾಂಡ್‌ನಲ್ಲಿ ಕೆಳಗಿನ ಜಾಗ ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್ಮಿನದು, ಮೇಲಿನದು ಸಿಂಬಲ್‌ನದು. ನಿಮಗೆ ಉಳಿಯುವುದೇ ಮಿಡ್. ಅದನ್ನು ಆರಕ್ಕೆ ಏರಿಸಿ, ಗೇನ್ ಸ್ವಲ್ಪ ಇಳಿಸಿ.

ಪ್ರಶ್ನೆ: ಪಿಯುಸಿ ಓದುವ ಮಗ 100 ವ್ಯಾಟಿನ ಆಂಪೇ ಬೇಕು ಅಂತ ಹಟ ಹಿಡಿದಿದ್ದಾನೆ. ನಾವಿರುವುದು ಅಪಾರ್ಟ್‌ಮೆಂಟ್. 50 ವ್ಯಾಟಿನದು ಕೊಡಿಸಿದರೆ ಸದ್ದು ಅರ್ಧಕ್ಕಿಳಿಯುತ್ತದಾ?
— ತಾಯಿ, ಹುಬ್ಬಳ್ಳಿ

ಇಲ್ಲಮ್ಮ, ಇಳಿಯುವುದಿಲ್ಲ. ವ್ಯಾಟ್ ಅರ್ಧವಾದರೆ 3 ಡೆಸಿಬೆಲ್ ಮಾತ್ರ ಕಮ್ಮಿ. ಕಿವಿಗೆ ಅರ್ಧ ಅನ್ನಿಸಬೇಕಾದರೆ ವ್ಯಾಟ್ ಹತ್ತರಲ್ಲಿ ಒಂದು ಪಾಲಾಗಬೇಕು. ಅಪಾರ್ಟ್‌ಮೆಂಟಿಗೆ ಹೆಡ್‌ಫೋನ್ ಹಾಕಿಕೊಳ್ಳಬಹುದಾದ ಡಿಜಿಟಲ್ ಮಾಡೆಲರ್ ಕೊಡಿಸಿ. ಈ ಎಲ್ಲ ಆಂಪ್‌ಗಳ ನಕಲೂ ಅದರಲ್ಲಿರುತ್ತದೆ. ಹುಡುಗನಿಗೆ ನಷ್ಟವೇನೂ ಆಗುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ಹಳೇ ವಾಲ್ವ್ ಹೆಡ್ ಒಂದನ್ನು ತಂದುಕೊಡುತ್ತಿದ್ದಾನೆ. ಪ್ಲಗ್ ಬದಲಿಸಿದರೆ ಸಾಕಾ?
— ಓದುಗ, ಶಿವಮೊಗ್ಗ

ಬೇಡ, ದಯವಿಟ್ಟು ಬೇಡ. ಅಲ್ಲಿ 120 ವೋಲ್ಟ್, ಇಲ್ಲಿ 230. ಫ್ಯೂಸ್ ಹಾರಿದರೆ ನಿಮ್ಮ ಅದೃಷ್ಟ, ಇಲ್ಲದಿದ್ದರೆ ಕ್ಯಾಪಾಸಿಟರ್ ಸಿಡಿಯುತ್ತದೆ. ಹಿಂದೆ ವೋಲ್ಟೇಜ್ ಬದಲಿಸುವ ವ್ಯವಸ್ಥೆ ಇದೆಯಾ ನೋಡಿ. ಇಲ್ಲವಾದರೆ ಸ್ಟೆಪ್‑ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 100 ವ್ಯಾಟಿನ ಹೆಡ್ಡಿಗೆ 500 ವಿಎ ಅಥವಾ ಜಾಸ್ತಿಯದನ್ನೇ ತೆಗೆದುಕೊಳ್ಳಿ. ಬೆಂಗಳೂರಿಗೆ ಬಂದಾಗ ಎಸ್‌.ಪಿ. ರಸ್ತೆಯಲ್ಲಿ ವಿಚಾರಿಸಿ. ಅರ್ತ್ ಮೂರನೇ ಪಿನ್ ತನಕ ಬರಬೇಕು.

ಒಳಗೆ ನೀವಾಗಿ ಬಿಚ್ಚಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ಒಳಗಿನ ಕ್ಯಾಪಾಸಿಟರ್‌ಗಳಲ್ಲಿ 400 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು, ಅದು ಪ್ರಾಣ ತೆಗೆಯುತ್ತದೆ. ಸ್ಪೀಕರ್ ಸಿಕ್ಕಿಸದೆ ಆನ್ ಮಾಡುವುದೂ ತಪ್ಪು. ಹಿಂದೊಮ್ಮೆ ನನ್ನದೇ ಆಂಪ್‌ನ ಸ್ಪೀಕರ್ ವೈರ್ ಜಾಕಿನಿಂದ ಜಾರಿತ್ತು, ನಾನು ನೋಡಿರಲಿಲ್ಲ. ಸದ್ದೇ ಬರಲಿಲ್ಲವಲ್ಲ ಅಂತ ವಾಲ್ಯೂಮ್ ಏರಿಸಿದೆ. ಒಂದೇ ನಿಮಿಷದಲ್ಲಿ ಸುಟ್ಟ ವಾರ್ನಿಶ್ ವಾಸನೆ ಬಂತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿತ್ತು, ಹೊಸದನ್ನು ತರಿಸಲು ನಾಲ್ಕು ತಿಂಗಳು ಹಿಡಿಯಿತು. ಮೊದಲು ಸ್ಪೀಕರ್ ವೈರ್, ಆಮೇಲೆ ಸ್ವಿಚ್.